ತತ್ತಿ ಮೀನಿಗೆ ಕಾನೂನಿನ ಕಾವಲು: ಮಧುಗಿರಿ–ಪಾವಗಡ ಸೀಮೆಯ ಕೆರೆ, ಹೊಳೆಗಳ ನೆಲೆಯಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮೀನಿನ ಸಂತಾನ ನಿಂತಿರುವುದು ಹಳ್ಳಕ್ಕೆ ಹೊಸನೀರು ಬರುವ ಕೆಲವೇ ದಿನಗಳ ಮೇಲೆ. ಕೆರೆ ಕೋಡಿ ಬಿದ್ದಾಗ ತತ್ತಿ ತುಂಬಿದ ಮೀನು ನೀರಿಗೆದುರಾಗಿ ಏರುತ್ತದೆ. ಅದೇ ಹೊತ್ತಿಗೆ ಕೋಡಿಯ ಬಾಯಿಗೆ ಕೂಳಿ, ಬಲೆಗಳೂ ಬರುತ್ತವೆ. ಆ ಮೀನನ್ನು ಕಾಯುವ ಕಾನೂನು ಇಲ್ಲಿ ನೇರ ದಾರಿಯಲ್ಲಿ ಬರಲೇ ಇಲ್ಲ.

ಮೀನಿಗೆ ರಾಜಾಜ್ಞೆಯ ರಕ್ಷಣೆ ಹಳೆಯದು. ಅಶೋಕನ ಐದನೆಯ ಸ್ತಂಭಶಾಸನ ಚಾತುರ್ಮಾಸ್ಯದ ಹುಣ್ಣಿಮೆ, ಉಪೋಸಥದಂಥ ದಿನಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. ಪಾವಗಡಕ್ಕೆ ಸಮೀಪದ ಮೊಳಕಾಲ್ಮೂರು ಸೀಮೆಯಲ್ಲಿ ಅಶೋಕನ ಶಾಸನಗಳಿದ್ದರೂ ಈ ಆಜ್ಞೆ ಅವುಗಳಲ್ಲಿಲ್ಲ. ಅದು ವ್ರತದ ತಿಥಿಗಳನ್ನು ಎಣಿಸುತ್ತದೆಯೇ ಹೊರತು ಮೀನು ತತ್ತಿಯಿಡುವ ಕಾಲವನ್ನಲ್ಲ.

ತತ್ತಿಯಿಡುವ ಮೀನನ್ನು ಕೆಣಕುವುದನ್ನೇ ಅಪರಾಧವೆಂದ ಕಾನೂನನ್ನು ಇಂಗ್ಲೆಂಡಿನಲ್ಲಿ ನೋಡಬಹುದು. ಅಲ್ಲಿನ 1975ರ ಸಾಲ್ಮನ್ ಮತ್ತು ಸಿಹಿನೀರು ಮೀನುಗಾರಿಕೆ ಕಾಯ್ದೆಯಂತೆ ತತ್ತಿಯನ್ನಾಗಲಿ, ತತ್ತಿಯಿರುವ ತಳ, ದಂಡೆಗಳನ್ನಾಗಲಿ ಬೇಕೆಂದೇ ಕದಡಿದವರಿಗೆ ಶಿಕ್ಷೆಯಿದೆ. ಜಲ್ಲಿಯಲ್ಲಿ ಗುಂಡಿ ತೋಡಿ ತತ್ತಿಯಿಡುವ ಸಾಲ್ಮನ್‌ಗೆ ಅದು ಒಪ್ಪುತ್ತದೆ.

ಭಾರತದಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ 1873ರ ವರದಿಯಲ್ಲಿ ತಾಯಿಮೀನು, ಮರಿಗಳ ನಾಶದ ಬಗ್ಗೆ ಎಚ್ಚರಿಸಿದರು. ಆದರೆ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತತ್ತಿಯ ಮಾತನ್ನೇ ಎತ್ತದೆ ಹಿಡಿಯುವ ವಿಧಾನಕ್ಕೆ ಕಡಿವಾಣ ಹಾಕಿತು. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿದರೆ ಎರಡು ತಿಂಗಳವರೆಗೆ ಸೆರೆ, ಇಲ್ಲವೇ 200 ರೂಪಾಯಿವರೆಗೆ ದಂಡ. ಕಟ್ಟೆ, ನೆಟ್ಟ ಬಲೆ, ಬಲೆಯ ಕಣ್ಣಿನ ಅಳತೆಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಗೊತ್ತುಪಡಿಸಿದ ನೀರಿನಲ್ಲಿ ಎರಡು ವರ್ಷದವರೆಗೆ ಮೀನುಗಾರಿಕೆಯನ್ನೇ ನಿಲ್ಲಿಸಬಹುದಿತ್ತು. ಆ ನಿಯಮ ಮೀರಿದರೆ ದಂಡ 100 ರೂಪಾಯಿವರೆಗೆ, ಮುಂದುವರಿದರೆ ದಿನಕ್ಕೆ 10 ರೂಪಾಯಿವರೆಗೆ.

ಈ ಕಾಯ್ದೆ ಬ್ರಿಟಿಷ್ ಪ್ರಾಂತ್ಯಗಳದು. ನಾಲ್ಕು ತಾಲ್ಲೂಕುಗಳೂ ಮೈಸೂರು ಸಂಸ್ಥಾನದಲ್ಲಿದ್ದವು, ಪಕ್ಕದ ಮಡಕಶಿರಾ, ಹಿಂದೂಪುರ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿದ್ದವು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹೀಗಾಗಿ ನೆರೆಗೆ ಏರುವ ಮೀನು ಗಡಿ ದಾಟುತ್ತಲೇ ಮತ್ತೊಂದು ಸರ್ಕಾರದ ಕಾನೂನಿನ ಕೆಳಗೆ ಬರುತ್ತಿತ್ತು. ಸಂಸ್ಥಾನವು 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ತಂದುಕೊಂಡಿತು. ಬೇಟೆಯ ಜೊತೆಗೇ ಮೀನನ್ನೂ ಸೇರಿಸಿದ್ದರಿಂದ ಅಂದಿನ ಆಡಳಿತ ಅದನ್ನು ಹೇಗೆ ಕಂಡಿತ್ತೆಂಬುದು ತಿಳಿಯುತ್ತದೆ.

ಬಯಲುಸೀಮೆಯ ಕೆರೆಗಳಲ್ಲಿ ಇಂಥ ನಿಯಮಗಳಿಗಿಂತ ಹೆಚ್ಚು ನಡೆದದ್ದು ಮೀನು ಪಾಶುವಾರು ಹಕ್ಕು, ಅಂದರೆ ಹರಾಜಿನ ಗುತ್ತಿಗೆ. ಗುತ್ತಿಗೆದಾರನಿಗೆ ಅವಧಿ ಮುಗಿಯುವುದರೊಳಗೆ ಕೆರೆ ಬರಿದು ಮಾಡುವುದೇ ಲಾಭ. ಬೇಸಿಗೆಗೆ ಬತ್ತುವ ಕೆರೆಯಲ್ಲಿ ತಾಯಿಮೀನನ್ನು ಉಳಿಸಿಯೂ ಫಲವಿಲ್ಲವೆಂಬ ಅವನ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ.

1957ರಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಮೀನುಗಳಿಂದ ತತ್ತಿಯಿಡಿಸಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಕಾಟ್ಲಾ, ರೋಹು, ಮೃಗಾಲ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನ ಬೆಳೆಸುವುದಿಲ್ಲ. ಅವುಗಳ ಮರಿ ಈಗ ಸಾಕಣೆ ಕೇಂದ್ರದಿಂದ ಬಂದು ಕೆರೆಗೆ ಬಿತ್ತನೆಯಾಗುತ್ತದೆ. ಇಂಥ ಕೆರೆಯಲ್ಲಿ ಕದ್ದು ಬಲೆ ಬೀಸುವವನ ತಪ್ಪು ಸಂತಾನಕ್ಕೆ ಮಾಡಿದ ಹಾನಿಗಿಂತ ಆಸ್ತಿಯ ಕಳವಿಗೇ ಹತ್ತಿರ.

ಕರ್ನಾಟಕದ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ 1996ರದು. ತತ್ತಿಯ ಕಾಲಕ್ಕೆ ತಡೆ ಹಾಕುವ ಮಾದರಿ ಬೇಕೆಂದರೆ, ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ತಡೆಯಿದೆ. ಅದೇ ಪಂಚಾಂಗವನ್ನು ಈ ಸೀಮೆಗೆ ಹಾಕಿದರೆ ಹೊಂದುವುದಿಲ್ಲ. ಇಲ್ಲಿ ಮಳೆ ಹೆಚ್ಚು ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಪಕ್ಕೆ, ಕೊರವದಂಥ ನಾಡಮೀನುಗಳು ಮಾತ್ರ ಇಂದಿಗೂ ಕೆರೆಯಲ್ಲೇ ಮರಿ ಮಾಡುತ್ತವೆ. ಕೊರವ ತನ್ನ ಮರಿಗಳ ಹಿಂಡನ್ನು ಕಾಯುತ್ತ ಸುತ್ತುತ್ತದೆ. ಆ ಹೊತ್ತಿನಲ್ಲಿ ಕಾಯುವ ಮೀನು ಸಿಕ್ಕಿಬಿದ್ದರೆ ಹಿಂಡಿಗೆ ಕಾವಲಿಲ್ಲ.