ಅಸ್ಥಿರಂಧ್ರತೆ ಮತ್ತು ಕೈಚಿಕಿತ್ಸೆ: ಲೋಹಾರಾ ಗಡಿಭಾಗ

ಎಲುಬಿನ ಖನಿಜಾಂಶ ಇಳಿದು, ಒಳಗಿನ ಜಾಲರಿ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿಯೇ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೊಪೊರೋಸಿಸ್. ಹೆಚ್ಚಾಗಿ ಮುರಿಯುವುದು ಬೆನ್ನೆಲುಬು, ತೊಡೆಯೆಲುಬಿನ ಮೇಲ್ಭಾಗ ಮತ್ತು ಮಣಿಕಟ್ಟು. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಕುಗ್ಗುವುದರಿಂದ ಈ ಸವಕಳಿ ಬೇಗ. ಎಲುಬು ಮುರಿಯುವ ತನಕ ನೋವಿರುವುದಿಲ್ಲ. ಹಾಗಾಗಿ ಗೂನು ಬಾಗಿದ ಬೆನ್ನನ್ನು ಮುಪ್ಪಿನ ಸಹಜ ಗುಣವೆಂದೇ ಬಹುಕಾಲ ಎಣಿಸಲಾಯಿತು.

ಮುರಿದ ಎಲುಬಿನ ಚಿಕಿತ್ಸೆ ಮಾತ್ರ ಹಳೆಯದು. ಸುಶ್ರುತ ಸಂಹಿತೆ ಎಲುಬು ಮುರಿತದಲ್ಲಿ 12, ಕೀಲು ತಪ್ಪುವುದರಲ್ಲಿ 6 ಬಗೆ ಹೇಳಿ, ದಬ್ಬೆ ಕಟ್ಟುವ ಕ್ರಮವನ್ನೂ ವಿವರಿಸುತ್ತದೆ. ಹಳ್ಳಿಗಳಲ್ಲಿ ಎಲುಬು ಕಟ್ಟುವವರು, ಉಳುಕು ತೆಗೆಯುವವರು ಈ ಕೆಲಸವನ್ನು ಮುಂದುವರಿಸಿದರು. ಅವರು ಬಳಸುವ ಮಂಗರವಳ್ಳಿ ಎಂಬ ಬಳ್ಳಿ ಪ್ರಯೋಗಾಲಯಕ್ಕೂ ಹೋಯಿತು: ಕನ್ನಡ ಕರಾವಳಿಯಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದ ಶಸ್ತ್ರವೈದ್ಯ ಕೆ.ಎನ್. ಉಡುಪ, ಜಿ.ಸಿ. ಪ್ರಸಾದ್ ಜೊತೆಗೂಡಿ ಮುರಿತ ಕೂಡಿಕೊಳ್ಳುವುದರ ಮೇಲೆ ಅದರ ಪರಿಣಾಮವನ್ನು 1960ರ ದಶಕದಲ್ಲಿ ಪರೀಕ್ಷಿಸಿದರು. ಆದರೆ ಮುರಿದುದನ್ನು ಕೂಡಿಸುವುದು ಒಂದು, ಸವೆಯುವುದನ್ನು ತಡೆಯುವುದು ಇನ್ನೊಂದು.

ಎಲ್ಲ ಮುರಿತವೂ ಅಸ್ಥಿರಂಧ್ರತೆಯಿಂದ ಆಗುವುದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ, ಕರ್ನಾಟಕ ಗಡಿಗೆ ಹತ್ತಿರದ ಕಿಲ್ಲಾರಿ, ಲೋಹಾರಾ ಸೀಮೆಯ ಸಾಸ್ತೂರು ಸುತ್ತ ಭೂಮಿ ನಡುಗಿ, ಕಲ್ಲುಮಣ್ಣಿನ ಮನೆಗಳು ಕುಸಿದು ಸುಮಾರು 10,000 ಜನ ಸತ್ತರು. ಅಂಥ ಹೊಡೆತಕ್ಕೆ ಗಟ್ಟಿ ಎಲುಬೂ ಉಳಿಯದು. ಆದರೆ ನಿಂತಲ್ಲೇ ಜಾರಿ ಬಿದ್ದವರ ತೊಡೆಯೆಲುಬು ಮುರಿದರೆ ವೈದ್ಯರು ಅಸ್ಥಿರಂಧ್ರತೆಯನ್ನು ಶಂಕಿಸುತ್ತಾರೆ.

ರೋಗಕ್ಕೆ ಆಸ್ಟಿಯೊಪೊರೋಸಿಸ್ ಎಂಬ ಹೆಸರನ್ನು 19ನೇ ಶತಮಾನದಲ್ಲಿ ಕೊಟ್ಟವರು ಸ್ಟ್ರಾಸ್‌ಬರ್ಗ್‌ನ ಜಾನ್ ಲೋಬ್‌ಸ್ಟೈನ್. ಮುಟ್ಟು ನಿಲ್ಲುವುದಕ್ಕೂ ಇದಕ್ಕೂ ಇರುವ ನಂಟನ್ನು 1940ರ ಹೊತ್ತಿಗೆ ಅಮೆರಿಕದ ಫುಲರ್ ಆಲ್‌ಬ್ರೈಟ್ ತೋರಿಸಿದರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲುಬಿನ ಸಾಂದ್ರತೆಯ ಅಳತೆಯಾದ ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ ಎಂದಿತು. ಡೆಕ್ಸಾ ಎಂಬ ಕ್ಷ-ಕಿರಣ ಯಂತ್ರ ಈ ಸಾಂದ್ರತೆಯನ್ನು ಅಳೆಯುತ್ತದೆ.

ಕೈಚಿಕಿತ್ಸೆಯ ಒಂದು ಬಗೆಯಾದ ಕೈರೊಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, ಡಿ.ಡಿ. ಪಾಮರ್ ಕೈಯಲ್ಲಿ. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವುದು ಇದರ ತಿರುಳು. ಇದನ್ನು ಉಳುಕು ತೆಗೆಯುವವರ ವಿದ್ಯೆಯ ದೂರದ ನೆಂಟನೆನ್ನಬಹುದು. ಒತ್ತುವುದರಿಂದ ಎಲುಬಿನ ಸಾಂದ್ರತೆ ಹೆಚ್ಚುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ತೀವ್ರ ಅಸ್ಥಿರಂಧ್ರತೆ ಇರುವವರಿಗೆ ರಭಸದ ಒತ್ತು ಅಪಾಯ, ಕಶೇರುವೇ ಕುಸಿಯಬಹುದು. ಬೆನ್ನು ಹಿಡಿದ ವೃದ್ಧೆಯನ್ನು ಉಳುಕು ತೆಗೆಸಲು ಕರೆದೊಯ್ಯುವಾಗಲೂ ಇದೇ ಎಚ್ಚರ ಬೇಕು. ಇಂಥವರಿಗೆ ಸಲ್ಲುವುದು ಮೃದುವಾದ ಆರೈಕೆ, ಸ್ನಾಯು ಬಲಪಡಿಸುವ ಮತ್ತು ಸಮತೋಲದ ವ್ಯಾಯಾಮ.

ಎಲುಬಿಗೆ ಆಹಾರವೂ ಮುಖ್ಯ. ಇದೇ ಗಡಿಭಾಗದ ಉಮರಗಾ, ನಿಲಂಗಾ, ಉದಗೀರ ಸೀಮೆಯ ಊಟದ ಮೂಲ ಜೋಳ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ. ದಕ್ಷಿಣ ಕರ್ನಾಟಕದ ರಾಗಿಯಲ್ಲಿ 350 ದಾಟುತ್ತದೆ. ಈ ಕೊರತೆಯನ್ನು ಹಾಲು, ಮೊಸರು, ಎಳ್ಳು ತುಂಬಬೇಕು. ಸಂಕ್ರಾಂತಿಯ ಹಿಂದಿನ ದಿನವಾದ ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಳ್ಳೆಯದೇ, ವರ್ಷಕ್ಕೊಮ್ಮೆ ತಿಂದರೆ ಸಾಲದಷ್ಟೆ. ರೋಗ ಖಚಿತವಾದ ಮೇಲೆ ಆಹಾರವೊಂದೇ ಸಾಕಾಗದು: 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಲೆಂಡ್ರೊನೇಟ್‌ನಂಥ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಅಲೆಂಡ್ರೊನೇಟನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು.