ಡ್ಯಾಶ್ ಆಹಾರಕ್ರಮ

ಅಧಿಕ ರಕ್ತದೊತ್ತಡವನ್ನು ಊಟದ ಬದಲಾವಣೆಯಿಂದ ತಗ್ಗಿಸಲು 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿ ಪರೀಕ್ಷಿಸಿದ ಆಹಾರಕ್ರಮ. 'ಡಯೆಟರಿ ಅಪ್ರೋಚಸ್ ಟು ಸ್ಟಾಪ್ ಹೈಪರ್‌ಟೆನ್ಷನ್' ಎಂಬ ಸಂಶೋಧನಾ ಯೋಜನೆಯ ಮೊದಲಕ್ಷರಗಳೇ ಇದರ ಹೆಸರು. ಹಣ್ಣು, ತರಕಾರಿ, ತೌಡು ತೆಗೆಯದ ಧಾನ್ಯ, ಕಾಳು, ಕೊಬ್ಬು ತೆಗೆದ ಹಾಲು-ಮೊಸರು ಇದರಲ್ಲಿ ಹೆಚ್ಚು. ಕೆಂಪು ಮಾಂಸ, ಸಿಹಿತಿಂಡಿ, ಸಕ್ಕರೆ ಬೆರೆತ ಪಾನೀಯ ಕಡಿಮೆ.

ಊಟದಿಂದ ಬಿ.ಪಿ. ಇಳಿಸುವ ಪ್ರಯತ್ನ ಇದಕ್ಕೂ ಹಿಂದಿನದು. ಜರ್ಮನಿಯಿಂದ ವಲಸೆ ಬಂದ ವೈದ್ಯ ವಾಲ್ಟರ್ ಕೆಂಪ್ನರ್ 1940ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು, ಹಣ್ಣಿನ ರಸವನ್ನೇ ಮುಖ್ಯವಾಗಿ ಕೊಟ್ಟು ಹಲವರಲ್ಲಿ ಒತ್ತಡ ಇಳಿಸಿದ್ದರು. ಒಳ್ಳೆಯ ಮಾತ್ರೆಗಳಿಲ್ಲದ ಕಾಲವದು. ಆದರೆ ಅಂಥ ಸಪ್ಪೆ ಊಟವನ್ನು ವರ್ಷಗಟ್ಟಲೆ ಉಣ್ಣುವವರು ಯಾರು? ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬಹುದಾದ ಊಟದಿಂದಲೇ ಒತ್ತಡ ಇಳಿಯುವುದೇ ಎಂಬ ಪ್ರಶ್ನೆಯನ್ನು ಡ್ಯಾಶ್ ಸಂಶೋಧಕರು ಕೈಗೆತ್ತಿಕೊಂಡರು.

1997ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 459 ಜನರನ್ನು ಮೂರು ಗುಂಪು ಮಾಡಿದ್ದರು. ಅವರಿಗೆ ಬರೀ ಸಲಹೆ ಕೊಡಲಿಲ್ಲ, ಊಟವನ್ನೇ ಕೊಟ್ಟರು. ವಾರದ ದಿನಗಳಲ್ಲಿ ಒಂದು ಹೊತ್ತಿನ ಊಟ ಕೇಂದ್ರದಲ್ಲೇ. ಉಳಿದದ್ದನ್ನು ಕಟ್ಟಿ ಕಳಿಸುತ್ತಿದ್ದರು. ಈ ಪ್ರಯೋಗದ ಜಾಣತನವಿರುವುದು ಬದಲಾಯಿಸದೆ ಬಿಟ್ಟ ಸಂಗತಿಗಳಲ್ಲಿ. ಮೂರೂ ಗುಂಪುಗಳಿಗೆ ಉಪ್ಪು ಹೆಚ್ಚುಕಡಿಮೆ ಒಂದೇ ಪ್ರಮಾಣ. ಯಾರ ತೂಕವೂ ಏರದಂತೆ, ಇಳಿಯದಂತೆ ಕ್ಯಾಲೊರಿ ಹೊಂದಿಸಿದ್ದರು. ಹಾಗಿದ್ದೂ ಎಂಟು ವಾರದಲ್ಲಿ, ಮಾಮೂಲಿ ಅಮೆರಿಕನ್ ಊಟ ಉಂಡವರಿಗೆ ಹೋಲಿಸಿದರೆ, ಡ್ಯಾಶ್ ಗುಂಪಿನ ಮೇಲಿನ ಅಂಕಿ ಸರಾಸರಿ 5.5 ಮಿ.ಮೀ., ಕೆಳಗಿನದು 3 ಮಿ.ಮೀ. ಇಳಿಯಿತು. ಮೊದಲೇ ಬಿ.ಪಿ. ಹೆಚ್ಚಿದ್ದವರಲ್ಲಿ ಇಳಿಕೆ 11.4 ಮತ್ತು 5.5. ಬರೀ ಹಣ್ಣು-ತರಕಾರಿ ಹೆಚ್ಚಿಸಿದ ಮೂರನೆಯ ಗುಂಪಿಗೆ ಸಿಕ್ಕಿದ್ದು ಅದರ ಅರ್ಧದಷ್ಟು ಲಾಭ. ಇಂಥದ್ದೇ ಒಂದು ಹಣ್ಣು, ಇಂಥದ್ದೇ ಒಂದು ಸೊಪ್ಪು ಬಿ.ಪಿ.ಗೆ ಮದ್ದು ಎಂದು ಹುಡುಕುವವರು ಗಮನಿಸಬೇಕಾದ ಅಂಶವಿದು: ಕೆಲಸ ಮಾಡಿದ್ದು ಇಡೀ ತಟ್ಟೆ.

ಉಪ್ಪಿನ ಪಾಲನ್ನು 2001ರ ಎರಡನೆಯ ಪ್ರಯೋಗ ಅಳೆಯಿತು. 412 ಜನರಿಗೆ ಮೂರು ಮಟ್ಟದ ಸೋಡಿಯಂ ಇರುವ ಊಟವನ್ನು ತಲಾ ಮೂವತ್ತು ದಿನ ಕೊಟ್ಟರು. ಉಪ್ಪು ಇಳಿದಂತೆ ಒತ್ತಡವೂ ಇಳಿಯಿತು. ಡ್ಯಾಶ್ ಮತ್ತು ಕಡಿಮೆ ಉಪ್ಪು ಸೇರಿದಾಗ ಅತಿ ಹೆಚ್ಚು. ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಪ್ರಮಾಣ ಏರುತ್ತದೆ. ಹಣ್ಣು, ಸೊಪ್ಪು, ಕಾಳುಗಳಲ್ಲಿರುವ ಪೊಟ್ಯಾಸಿಯಂ, ಮೂತ್ರಪಿಂಡಗಳು ಸೋಡಿಯಂ ಹೊರಹಾಕಲು ನೆರವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ ತಿನ್ನಬೇಕಾದ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚ. ಕರ್ನಾಟಕದ ಅಡುಗೆಮನೆಯಲ್ಲಿ ಈ ಲೆಕ್ಕ ತಪ್ಪುವುದು ಸಾರು-ಹುಳಿಯಲ್ಲಿ ಮಾತ್ರವಲ್ಲ, ಊಟದ ಅಂಚಿನಲ್ಲಿ ಬಡಿಸುವುದರಲ್ಲಿ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರವೂ, ಬೋಂಡದ ಸೋಡಾವೂ ಸೋಡಿಯಂನದೇ ಲವಣಗಳು. ಸೈಂಧವ ಲವಣ ಬಿ.ಪಿ.ಗೆ ಒಳ್ಳೆಯದೆಂಬ ನಂಬಿಕೆಗೆ ಆಧಾರವಿಲ್ಲ. ಅದರಲ್ಲೂ ಬಹುಪಾಲು ಇರುವುದು ಅದೇ ಸೋಡಿಯಂ ಕ್ಲೋರೈಡ್. ಉಳಿದಂತೆ ಡ್ಯಾಶ್ ಪಟ್ಟಿಗೆ ಇಲ್ಲಿ ಪರದೇಶಿ ಸಾಮಾನು ಬೇಕಿಲ್ಲ. ರಾಗಿಮುದ್ದೆ, ಬಸ್ಸಾರು, ಹೆಸರುಕಾಳಿನ ಕೋಸಂಬರಿ, ಬೆಣ್ಣೆ ತೆಗೆದ ಮಜ್ಜಿಗೆ ಅದಕ್ಕೆ ಸಲೀಸಾಗಿ ಹೊಂದುತ್ತವೆ. ಮಜ್ಜಿಗೆಗೆ ಉಪ್ಪು ಬೆರೆಸದಿದ್ದರಾಯಿತು.

ಸಿದ್ಧ ಊಟ ಕೊಡದೆ, ಜನ ತಾವೇ ಅಡುಗೆ ಮಾಡಿಕೊಂಡಾಗ ಏನಾಗುತ್ತದೆ? 2003ರ ಪ್ರೀಮಿಯರ್ ಪ್ರಯೋಗದಲ್ಲಿ 810 ಜನರಲ್ಲಿ ಹೆಚ್ಚಿನವರಿಗೆ ತರಬೇತಿ ಕೊಟ್ಟು ನೋಡಿದಾಗ ಒತ್ತಡ ಇಳಿದರೂ, ಇತರ ಸಲಹೆಗಳ ಜೊತೆ ಡ್ಯಾಶ್ ಸೇರಿಸಿದ್ದರಿಂದ ಸಿಕ್ಕ ಹೆಚ್ಚುವರಿ ಲಾಭ ಅಲ್ಪವಾಗಿತ್ತು. ಆಹಾರಕ್ರಮದ ನಿಜವಾದ ತೊಡಕು ಇರುವುದು ಇಲ್ಲೇ.

ವ್ಯಾಯಾಮ ಮತ್ತು ತೂಕ ಇಳಿಕೆಯ ಪಾತ್ರ ಸ್ಪಷ್ಟವಾಗಿ ಕಂಡದ್ದು 2010ರ ಎನ್‌ಕೋರ್ ಪ್ರಯೋಗದಲ್ಲಿ. ತೂಕ ಹೆಚ್ಚಿದ್ದ 144 ಜನರಲ್ಲಿ, ನಾಲ್ಕು ತಿಂಗಳ ನಂತರ ಡ್ಯಾಶ್ ಮಾತ್ರ ಅನುಸರಿಸಿದವರ ಮೇಲಿನ ಅಂಕಿ 11.2 ಮಿ.ಮೀ. ಇಳಿದರೆ, ಜೊತೆಗೆ ವ್ಯಾಯಾಮ ಮಾಡಿ ತೂಕವನ್ನೂ ಇಳಿಸಿಕೊಂಡವರದು 16.1 ಮಿ.ಮೀ. ಇಳಿಯಿತು. ಸಾಮಾನ್ಯ ಶಿಫಾರಸು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆ, ಸೈಕಲ್ ಅಥವಾ ಈಜು. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಡೆದು ಮುಗಿಸಿದ ಮೇಲೆ ಕೆಲವು ಗಂಟೆ ಒತ್ತಡ ತಗ್ಗಿಯೇ ಇರುತ್ತದೆ. ನಡಿಗೆ ರೂಢಿಯಾದರೆ ರಕ್ತನಾಳಗಳ ಬಿಗಿತವೂ ಸಡಿಲುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಲಾಭ ಕರಗುತ್ತದೆ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಒತ್ತಡ ಆ ಕ್ಷಣಕ್ಕೆ ಜಿಗಿಯುವುದರಿಂದ ಬಿ.ಪಿ. ಇರುವವರು ಅದನ್ನು ಮಾಡಬಾರದು.

ಮಾತ್ರೆ ನುಂಗುತ್ತಿರುವವರು ಅಂಕಿ ಇಳಿಯಿತೆಂದು ತಾವಾಗಿಯೇ ನಿಲ್ಲಿಸುವುದು ಅಪಾಯ. ಪ್ರಮಾಣ ತಗ್ಗಿಸುವುದನ್ನು ವೈದ್ಯರೇ ತೀರ್ಮಾನಿಸಬೇಕು. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಪೊಟ್ಯಾಸಿಯಂ ಹೆಚ್ಚಿಸುವ ಕೆಲವು ಬಿ.ಪಿ. ಔಷಧ ತೆಗೆದುಕೊಳ್ಳುವವರಿಗೆ ಡ್ಯಾಶ್‌ನ ಹಣ್ಣು-ಕಾಳುಗಳ ಪ್ರಮಾಣವೇ ತೊಂದರೆ ತರಬಹುದು. ಪೊಟ್ಯಾಸಿಯಂ ಬೆರೆತ 'ಕಡಿಮೆ ಸೋಡಿಯಂ ಉಪ್ಪು' ಕೂಡ ಇವರಿಗೆ ವೈದ್ಯರನ್ನು ಕೇಳದೆ ಸಲ್ಲದು.