ಸಮುದ್ರಪರ್ವತಗಳ ನಕ್ಷೆ ಮತ್ತು ನಾಮಕರಣ

ಸಾಗರತಳದಿಂದ ಸುಮಾರು 1,000 ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ಎದ್ದಿದ್ದು, ನೀರಿನ ಮೇಲ್ಮೈಯನ್ನು ಮುಟ್ಟದ ಪರ್ವತವನ್ನು ಸಮುದ್ರಪರ್ವತ ಎಂದು ಕರೆಯುತ್ತಾರೆ. ಇವುಗಳಲ್ಲಿ ಬಹುಪಾಲು ಆರಿದ ಜ್ವಾಲಾಮುಖಿಗಳು. ಕಣ್ಣಿಗೆ ಕಾಣದ ಕಾರಣ ಇವುಗಳಿಗೆ ಹೆಸರಿಡುವ ಮೊದಲು ಅಳತೆ ಮಾಡಿ ಅಸ್ತಿತ್ವವನ್ನು ಸಾಬೀತುಪಡಿಸಬೇಕಾಗುತ್ತದೆ.

ನಕ್ಷೆ ರಚನೆ

ಹಿಂದೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳವನ್ನು ಅಳೆಯುತ್ತಿದ್ದರು. ಶಬ್ದದ ಪ್ರತಿಧ್ವನಿಯಿಂದ ಆಳ ತಿಳಿಯುವ ಉಪಕರಣ ಬಂದ ಬಳಿಕ ಈ ಕಾರ್ಯ ಸುಲಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಭೂವಿಜ್ಞಾನಿ ಹ್ಯಾರಿ ಹೆಸ್, ಪೆಸಿಫಿಕ್ ಸಾಗರದಲ್ಲಿ ಸಂಚರಿಸುವಾಗ ಈ ಉಪಕರಣವನ್ನು ಬಳಸಿ ಚಪ್ಪಟೆ ತಲೆಯ ಅನೇಕ ಪರ್ವತಗಳನ್ನು ಗುರುತಿಸಿದರು. 1946ರಲ್ಲಿ ಅವುಗಳಿಗೆ ಭೂಗೋಳಶಾಸ್ತ್ರಜ್ಞ ಆರ್ನಾಲ್ಡ್ ಗಯೋಟ್ ಅವರ ನೆನಪಿನಲ್ಲಿ ‘ಗಯೋಟ್’ ಎಂಬ ಹೆಸರನ್ನು ನೀಡಿದರು.

ಇಂದು ಉಪಗ್ರಹಗಳೂ ನೆರವಾಗುತ್ತವೆ. ಬೃಹತ್ ಪರ್ವತದ ಗುರುತ್ವಾಕರ್ಷಣೆಯು ಸುತ್ತಲಿನ ನೀರನ್ನು ತನ್ನತ್ತ ಸೆಳೆಯುವುದರಿಂದ ಸಮುದ್ರದ ಮೇಲ್ಮೈ ಅಲ್ಲಿ ಒಂದೆರಡು ಮೀಟರ್‌ನಷ್ಟು ಉಬ್ಬುತ್ತದೆ. ಉಪಗ್ರಹ ಈ ಉಬ್ಬನ್ನು ಅಳೆಯುತ್ತದೆ. ಆದರೆ ಇದರಿಂದ ದೊರೆಯುವುದು ಅಂದಾಜು ಮಾತ್ರ. ಸಣ್ಣ ಪರ್ವತಗಳು ತಪ್ಪಿಹೋಗುತ್ತವೆ, ಶಿಖರದ ನಿಖರ ಆಳವೂ ತಿಳಿಯುವುದಿಲ್ಲ. ಹಡಗಿನಿಂದ ಅಗಲವಾದ ಪಟ್ಟಿಯಾಗಿ ಶಬ್ದತರಂಗ ಹಾಯಿಸಿ ಮಾಡಿದ ಸಮೀಕ್ಷೆ ಜಗತ್ತಿನ ಸಾಗರತಳದ ಸುಮಾರು ಕಾಲುಭಾಗವನ್ನಷ್ಟೇ ತಲುಪಿದೆ.

ಈ ಕೊರತೆಯ ಪರಿಣಾಮ ಕೆಲವೊಮ್ಮೆ ಘೋರವಾಗಿರುತ್ತದೆ. 2005ರ ಜನವರಿ 8ರಂದು ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿ ‘ಸ್ಯಾನ್ ಫ್ರಾನ್ಸಿಸ್ಕೊ’ ಗುವಾಮ್ ದ್ವೀಪದ ಆಗ್ನೇಯಕ್ಕೆ ಪೂರ್ಣ ವೇಗದಲ್ಲಿ ಸಮುದ್ರಪರ್ವತವೊಂದಕ್ಕೆ ಅಪ್ಪಳಿಸಿತು. ಒಬ್ಬ ನಾವಿಕ ಮೃತಪಟ್ಟು, ಹಲವರು ಗಾಯಗೊಂಡರು. ದಾರಿ ನೋಡಲು ಬಳಸುತ್ತಿದ್ದ ನಕ್ಷೆಯಲ್ಲಿ ಆ ಪರ್ವತ ಇರಲಿಲ್ಲ. ಹಡಗಿನಲ್ಲಿದ್ದ ಬೇರೆ ನಕ್ಷೆಗಳಲ್ಲಿ ಅಪಾಯದ ಸೂಚನೆಯಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು.

ನಾಮಕರಣ

ರಾಷ್ಟ್ರಗಳ ಜಲಗಡಿಯ ಆಚೆಗಿನ ಹೆಸರುಗಳನ್ನು ‘ಜೆಬ್ಕೊ’ ಎಂಬ ಸಾಗರನಕ್ಷೆ ಯೋಜನೆಯ ಉಪಸಮಿತಿಯೊಂದು ಪರಿಶೀಲಿಸುತ್ತದೆ. ಮೊನಾಕೊದ ಅರಸ ಒಂದನೆಯ ಆಲ್ಬರ್ಟ್ 1903ರಲ್ಲಿ ಆರಂಭಿಸಿದ ಈ ಯೋಜನೆ ಈಗ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ ಹಾಗೂ ಯುನೆಸ್ಕೊದ ಸಾಗರ ಆಯೋಗದ ಆಶ್ರಯದಲ್ಲಿದೆ. ಪ್ರಸ್ತಾವದೊಂದಿಗೆ ಸಮೀಕ್ಷೆಯ ದತ್ತಾಂಶವನ್ನು ಒದಗಿಸಬೇಕು. ಹೆಸರಿಗೆ ಎರಡು ಭಾಗಗಳಿರುತ್ತವೆ: ವಿಶಿಷ್ಟ ನಾಮ ಮತ್ತು ಆಕಾರವನ್ನು ಸೂಚಿಸುವ ಪದ. ಬದುಕಿರುವವರ ಹೆಸರನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಂಡುಹಿಡಿದ ಹಡಗಿನ ಹೆಸರಿಗೆ ಮನ್ನಣೆಯಿದೆ. ಇಷ್ಟು ಕಟ್ಟುಪಾಡುಗಳಿಲ್ಲದ ಕಾಲದಲ್ಲಿ, 1954ರಲ್ಲಿ, ರಾಬರ್ಟ್ ಡೀಟ್ಜ್ ವಾಯವ್ಯ ಪೆಸಿಫಿಕ್‌ನ ಸಾಲೊಂದಕ್ಕೆ ಜಪಾನಿನ ಪ್ರಾಚೀನ ಚಕ್ರವರ್ತಿಗಳ ಹೆಸರುಗಳನ್ನಿಟ್ಟರು. ಅದು ಇಂದಿಗೂ ‘ಎಂಪರರ್’ ಸರಣಿ.

ಭಾರತದ ಸಂಶೋಧನಾ ನೌಕೆ ‘ಸಾಗರ ಕನ್ಯಾ’ 1986ರಲ್ಲಿ ಗುರುತಿಸಿದ ಪರ್ವತಕ್ಕೆ ಆ ನೌಕೆಯ ಹೆಸರೇ ಇದೆ. ಪಣಿಕ್ಕರ್ ಸಮುದ್ರಪರ್ವತವು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಎನ್. ಕೆ. ಪಣಿಕ್ಕರ್ ಅವರನ್ನೂ, ವಾಡಿಯಾ ಗಯೋಟ್ ಭೂವಿಜ್ಞಾನಿ ಡಿ. ಎನ್. ವಾಡಿಯಾ ಅವರನ್ನೂ ಸ್ಮರಿಸುತ್ತವೆ. ಬೆಂಗಳೂರಿನಲ್ಲಿ ನೆಲೆಸಿದ್ದ ಭೌತವಿಜ್ಞಾನಿ ಸಿ. ವಿ. ರಾಮನ್ ಅವರ ಹೆಸರು ಸಾಗರತಳದ ಏಣೊಂದಕ್ಕೆ ಸಂದಿದೆ.